ಕೇಳಿಸಿಕೊಳ್ಳುವ ದೆವ್ವ



ದೆವ್ವದ ಸಿನಿಮಾ ಬಗ್ಗೆ ರೇಡಿಯೊದಲ್ಲಿ ಏನು ಮಾತಾಡುವುದು ಎಂದು ನೀವು ಕೇಳಬಹುದು. ತೋರಿಸಲು ಪರದೆಯಿಲ್ಲ, ಹೆದರಿಸಲು ಕತ್ತಲೆಯಿಲ್ಲ. ನಿಮ್ಮಲ್ಲಿ ಅರ್ಧ ಜನ ಈಗ ಅಡುಗೆಮನೆಯಲ್ಲಿ ಹುಳಿಗೆ ಒಗ್ಗರಣೆ ಹಾಕುತ್ತಿರುತ್ತೀರಿ. ಆದರೆ ನಾನು ಹೇಳಹೊರಟಿರುವ ಬಗೆಯ ಸಿನಿಮಾಕ್ಕೆ ರೇಡಿಯೊ ಬಲು ಹತ್ತಿರದ ನೆಂಟ. ಆ ನೆಂಟಸ್ತಿಕೆ ಎಲ್ಲಿಂದ ಬಂತು ಎನ್ನುವುದೇ ಇವತ್ತಿನ ಮಾತು.

2013ರ ಕೊನೆಯಲ್ಲಿ ಕನ್ನಡದಲ್ಲೊಂದು ಸಿನಿಮಾ ಬಂತು. ಹೆಸರು ‘6-5=2’. ನಿರ್ದೇಶಕರು ಕೆ.ಎಸ್. ಅಶೋಕ. ಪೋಸ್ಟರ್ ನೋಡಿ ಗುರುತು ಹಿಡಿಯುವಂಥ ನಟರು ಒಬ್ಬರೂ ಇರಲಿಲ್ಲ. ಹೀರೊ ಎಂಟ್ರಿ ಇಲ್ಲ, ಫೈಟ್ ಇಲ್ಲ, ಮರ ಸುತ್ತುವ ಡ್ಯುಯೆಟ್ ಇಲ್ಲ. ಆರು ಜನ ಗೆಳೆಯರು, ಅವರಲ್ಲಿ ಇಬ್ಬರು ಹುಡುಗಿಯರು, ಪಶ್ಚಿಮ ಘಟ್ಟದ ಕಾಡಿಗೆ ಟ್ರೆಕ್ಕಿಂಗ್ ಹೊರಡುತ್ತಾರೆ. ಜೊತೆಗೊಂದು ವಿಡಿಯೊ ಕ್ಯಾಮೆರಾ ಒಯ್ಯುತ್ತಾರೆ. ಕಾಡಿನಲ್ಲಿ ದಾರಿ ತಪ್ಪುತ್ತದೆ, ಆಮೇಲೆ ಒಂದೊಂದೇ ಎಡವಟ್ಟು ಶುರುವಾಗುತ್ತದೆ. ಆ ಕ್ಯಾಮೆರಾದಲ್ಲಿ ಉಳಿದುಬಂದದ್ದನ್ನೇ ನೀವೀಗ ನೋಡುತ್ತಿದ್ದೀರಿ, ಇದು ನಿಜವಾಗಿ ನಡೆದದ್ದು ಎಂದು ಹೇಳಿಕೊಂಡೇ ಸಿನಿಮಾ ಬಂತು. ಯಾರೋ ಚಿತ್ರೀಕರಿಸಿ ಬಿಟ್ಟುಹೋದ ವಿಡಿಯೊ ನಮ್ಮ ಕೈಗೆ ಸಿಕ್ಕಿದೆ ಎಂಬ ನೆಪದಲ್ಲಿ ಕಟ್ಟುವ ಇಂಥ ಕತೆಗಳಿಗೆ ಫೌಂಡ್ ಫೂಟೇಜ್ ಎನ್ನುತ್ತಾರೆ. ಕನ್ನಡದ ಮಟ್ಟಿಗೆ ಅದು ಮೊದಲ ಪ್ರಯತ್ನ. ಮರುವರ್ಷ ಅದೇ ಹೆಸರಿನಲ್ಲಿ ಹಿಂದಿಗೂ ಹೋಯಿತು.

ಹೆಸರಿನಲ್ಲೇ ಅರ್ಧ ಕೆಲಸ ಮುಗಿದಿದೆ ನೋಡಿ. ಆರರಲ್ಲಿ ಐದು ಕಳೆದರೆ ಒಂದು ಉಳಿಯಬೇಕು. ಇವರ ಲೆಕ್ಕದಲ್ಲಿ ಎರಡು ಉಳಿದಿದೆ. ಆ ಹೆಚ್ಚುವರಿ ಒಂದು ಯಾರು? ಟಿಕೆಟ್ ತೆಗೆಯುವ ಮೊದಲೇ ತಲೆಗೊಂದು ಹುಳ ಬಿಟ್ಟಾಯಿತು. ಇದಕ್ಕೆ ಗ್ರಾಫಿಕ್ಸ್ ಬೇಡ, ಮೇಕಪ್ ಬೇಡ, ಖರ್ಚೇ ಇಲ್ಲ.

ನಮ್ಮ ಮೈಸೂರಿನವರಿಗೆ ಈ ಕತೆ ಇನ್ನೂ ಸ್ವಲ್ಪ ಹತ್ತಿರದ್ದು. ಇಲ್ಲಿನ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿದವರಲ್ಲಿ ಸುಬ್ರಹ್ಮಣ್ಯಕ್ಕೆ ರಾತ್ರಿ ಬಸ್ ಹತ್ತಿ ಕುಮಾರ ಪರ್ವತ ಏರದವರು ಕಡಿಮೆ. 1,712 ಮೀಟರ್ ಎತ್ತರ. ಅರ್ಧ ದಾರಿಯಲ್ಲಿ ಗಿರಿಗದ್ದೆಯ ಭಟ್ಟರ ಮನೆ, ಅಲ್ಲಿ ಬಿಸಿ ಅನ್ನ, ಸಾರು, ಮಜ್ಜಿಗೆ. ಗುಂಪಿನಲ್ಲಿ ಎಲ್ಲರಿಗಿಂತ ಮುಂದೆ ಓಡುವವನೊಬ್ಬ, ಮಂಡಿ ಹಿಡಿದುಕೊಂಡು ಕೂರುವವನೊಬ್ಬ, ದಾರಿ ನನಗೆ ಗೊತ್ತು ಎಂದು ಎಲ್ಲರನ್ನೂ ದಾರಿ ತಪ್ಪಿಸುವವನೊಬ್ಬ ಇದ್ದೇ ಇರುತ್ತಾನೆ. ಹಾಗಾಗಿ ‘6-5=2’ರಲ್ಲಿ ಈ ಹುಡುಗರು ಕಾಲೆಳೆದುಕೊಂಡು, ಹರಟಿಕೊಂಡು ಹೋಗುವ ಮೊದಲರ್ಧ ನಮಗೆ ಗೊತ್ತಿರುವ ಲೋಕವೇ. ಆ ಭಾಗ ಉದ್ದವಾಯಿತು, ಬೋರು ಹೊಡೆಸುತ್ತದೆ ಎಂದು ದೂರಿದವರಿದ್ದಾರೆ. ಉದ್ದವಾಗಿರುವುದು ನಿಜ, ಒಂದು ಹತ್ತು ನಿಮಿಷ ಕತ್ತರಿಸಿದ್ದರೆ ಯಾರೂ ಅಳುತ್ತಿರಲಿಲ್ಲ. ಆದರೂ ಆ ಬೋರು ಬೇಕು. ಏನೂ ಆಗದ ಒಂದು ಗಂಟೆ ಕಳೆದ ಮೇಲೆಯೇ ಕೊಂಬೆಯೊಂದು ಲಟಕ್ಕೆಂದರೆ ಎದೆ ಹಾರುವುದು.

ಅಲುಗಾಡುವ ಕ್ಯಾಮೆರಾ, ಮಸುಕು ಚಿತ್ರ, ಇದನ್ನೆಲ್ಲ ನಾವು ಯಾಕೆ ನಿಜವೆಂದು ನಂಬುತ್ತೇವೆ? ನನಗೆ ಹೊಳೆಯುವುದು ಒಂದೇ ಕಾರಣ. ಮದುವೆ ಕ್ಯಾಸೆಟ್ಟು. ತೊಂಬತ್ತರ ದಶಕದಲ್ಲಿ ಮದುವೆಯಾದವರ ಮನೆಯ ಬೀರುವಿನಲ್ಲಿ ಈಗಲೂ ಒಂದಿರುತ್ತದೆ. ಕಣ್ಣು ಕುಕ್ಕುವ ಲೈಟು ಹಿಡಿದ ಹುಡುಗ, ಅವನ ಹಿಂದೆ ವಿಡಿಯೊದವನು, ಪಂಕ್ತಿಯಲ್ಲಿ ಬಾಯಿಗಿಟ್ಟ ತುತ್ತನ್ನು ಏನು ಮಾಡಬೇಕೋ ತೋಚದೆ ಕೂತ ದೊಡ್ಡಪ್ಪ. ಮೂಲೆಯಲ್ಲಿ ತಾರೀಕು, ಗಂಟೆ, ನಿಮಿಷ. ನಮ್ಮ ಮನೆಯ ಕ್ಯಾಸೆಟ್ಟೊಂದರಲ್ಲಿ ವಿಡಿಯೊದವನು ಆಫ್ ಮಾಡಲು ಮರೆತು ಕ್ಯಾಮೆರಾವನ್ನು ಹೆಗಲಿಗೆ ನೇತುಹಾಕಿಕೊಂಡಿದ್ದಾನೆ. ಛತ್ರದ ನೆಲ ತಲೆಕೆಳಗಾಗಿ ಓಡುತ್ತದೆ, ಯಾರದೋ ಕಾಲ್ಗೆಜ್ಜೆಯ ಪಾದ, ತುಳಿದು ಅಳಿಸಿಹೋದ ರಂಗೋಲಿ, ದೂರದಲ್ಲಿ ಓಲಗ, ಹತ್ತಿರದಲ್ಲೇ ಇಬ್ಬರು ಹೆಂಗಸರ ಪಿಸುಮಾತು. ಏನು ಮಾತೆಂದು ಇವತ್ತಿಗೂ ಯಾರಿಗೂ ಗೊತ್ತಾಗಿಲ್ಲ. ಇಡೀ ಕ್ಯಾಸೆಟ್ಟಿನಲ್ಲಿ ಯಾರೂ ಪೋಸು ಕೊಡದ ಅರ್ಧ ನಿಮಿಷ ಅದೊಂದೇ. ಅದನ್ನು ನೋಡುವಾಗ ಮಾತ್ರ ಮನೆಯವರೆಲ್ಲ ಸುಮ್ಮನಾಗುತ್ತಾರೆ. ಭಯದ ಸಿನಿಮಾ ಮಾಡುವವರು ಎರವಲು ಪಡೆದಿರುವುದು ಈ ಅರ್ಧ ನಿಮಿಷವನ್ನೇ.

ನಾನು ‘6-5=2’ ನೋಡಿದ್ದು ಚಿತ್ರಮಂದಿರದಲ್ಲಲ್ಲ, ಕುವೆಂಪುನಗರದ ಮನೆಯಲ್ಲಿ, ಅಕ್ಕನ ಮಗನ ಜೊತೆ. ಅವನಿಗೆ ಇಂಥ ಸಿನಿಮಾಗಳ ಹುಚ್ಚು. ಅಮ್ಮ ಪಕ್ಕದ ಕೋಣೆಯಲ್ಲಿ ಮಲಗಿದ್ದರಿಂದ ಟಿವಿಯ ಸೌಂಡ್ ಪೂರ್ತಿ ತೆಗೆದು, ಬರಿಯ ಚಿತ್ರ ನೋಡುತ್ತ ಕೂತೆವು. ಕಾಡಿನಲ್ಲಿ ಹುಡುಗರು ಎಡವಿ ಬಿದ್ದು ಓಡುತ್ತಿದ್ದಾರೆ, ನಮಗೆ ನಗು. ಟಾರ್ಚಿನ ಬೆಳಕು ಎತ್ತೆತ್ತಲೋ ಹೋಗುತ್ತದೆ, ಮರದ ಬೊಡ್ಡೆ, ಎಲೆ, ಮತ್ತೆ ಮರದ ಬೊಡ್ಡೆ. ಇದರಲ್ಲಿ ಹೆದರುವುದೇನು ಅನ್ನಿಸಿತು. ಅಷ್ಟರಲ್ಲಿ ಅಮ್ಮನೇ ಎದ್ದುಬಂದು, “ಏನ್ರೋ ಅದು, ಮೂಕಿ ಸಿನಿಮಾನಾ? ಸೌಂಡ್ ಕೊಡು” ಎಂದರು. ಕೊಟ್ಟೆವು. ಹುಡುಗ ಚಾರ್ಜರ್ ತರಲು ಒಳಕೋಣೆಗೆ ಹೋದ. ಅಲ್ಲಿ ಅವನಿಗೆ ಟಿವಿ ಕಾಣುತ್ತಿರಲಿಲ್ಲ, ಕೇಳುತ್ತಿತ್ತು ಅಷ್ಟೆ. ಚಾರ್ಜರ್ ಇಲ್ಲದೆಯೇ ಓಡಿಬಂದ.

ನಾನು ಹೇಳಬೇಕೆಂದಿರುವುದು ಇಷ್ಟೇ. ಈ ಸಿನಿಮಾಗಳ ಭಯವೆಲ್ಲ ಕಿವಿಯ ಕಡೆಯಿಂದ ಬರುತ್ತದೆ, ಕಣ್ಣಿನ ಪಾಲು ಅದರಲ್ಲಿ ಬಹಳ ಕಡಿಮೆ. ಚಿತ್ರಕ್ಕೊಂದು ಚೌಕಟ್ಟಿದೆ, ಟಾರ್ಚಿನ ಬೆಳಕು ಬೀಳುವಷ್ಟೇ ಜಾಗ. ಸದ್ದಿಗೆ ಚೌಕಟ್ಟಿಲ್ಲ. ಅದು ಎಡದಿಂದ ಬಂತೋ, ಬೆನ್ನ ಹಿಂದಿನಿಂದ ಬಂತೋ, ಕೊನೆಗೆ ನಮ್ಮ ಮನೆಯ ಹಿತ್ತಲಿನಿಂದಲೇ ಬಂತೋ ಗೊತ್ತಾಗುವುದಿಲ್ಲ. ಮಾಮೂಲಿ ದೆವ್ವದ ಸಿನಿಮಾದಲ್ಲಿ ಹಿನ್ನೆಲೆ ಸಂಗೀತ ಮೊದಲೇ ನೋಟಿಸು ಕೊಟ್ಟುಬಿಡುತ್ತದೆ. ಪಿಟೀಲು ಕುಯ್ಯಲು ಶುರುವಾದರೆ ಏನೋ ಬರಲಿದೆ, ಕಣ್ಣು ಮುಚ್ಚಿಕೊಳ್ಳಿ ಎಂದರ್ಥ. ಯಾರೋ ಬಿಟ್ಟುಹೋದ ವಿಡಿಯೊದಲ್ಲಿ ಪಿಟೀಲು ಎಲ್ಲಿಂದ ಬರಬೇಕು? ಆದ್ದರಿಂದ ಈ ಬಗೆಯ ಸಿನಿಮಾ ಹಿನ್ನೆಲೆ ಸಂಗೀತವನ್ನು ಆದಷ್ಟು ದೂರವೇ ಇಡುತ್ತದೆ. ಉಸಿರು, ಒಣಗಿದ ಎಲೆ, ಮೈಕಿಗೆ ಬಡಿಯುವ ಗಾಳಿ, ಅಷ್ಟೇ ಉಳಿಯುತ್ತದೆ. ಯಾವಾಗ ಹೆದರಬೇಕೆಂದು ಹೇಳುವವರಿಲ್ಲದ ಮೇಲೆ ಜನ ಉದ್ದಕ್ಕೂ ಹೆದರುತ್ತ ಕೂರುತ್ತಾರೆ.

ಈ ವಿದ್ಯೆಯನ್ನು ಜಗತ್ತಿಗೇ ಪರಿಚಯಿಸಿದ ಸಿನಿಮಾ ‘ದ ಬ್ಲೇರ್ ವಿಚ್ ಪ್ರಾಜೆಕ್ಟ್’. ಅಮೆರಿಕದ ಡೇನಿಯಲ್ ಮಿರಿಕ್, ಎಡ್ವರ್ಡೊ ಸಾಂಚೆಸ್ ಎಂಬ ಇಬ್ಬರು ಅದನ್ನು 1997ರ ಅಕ್ಟೋಬರ್‌ನಲ್ಲಿ ಮೇರಿಲ್ಯಾಂಡ್‌ನ ಕಾಡಿನಲ್ಲಿ ಎಂಟೇ ದಿನದಲ್ಲಿ ಚಿತ್ರೀಕರಿಸಿದರು. 1999ರಲ್ಲಿ ಬಿಡುಗಡೆಯಾಯಿತು. ಚಿತ್ರೀಕರಿಸಿದರು ಎನ್ನುವುದೂ ಪೂರ್ತಿ ಸರಿಯಲ್ಲ, ಕ್ಯಾಮೆರಾ ಹಿಡಿದದ್ದು ನಟರೇ. ಮೂವರು ನಟರನ್ನು ಕಾಡಿಗೆ ಬಿಟ್ಟು, ಎಲ್ಲಿಗೆ ಹೋಗಬೇಕು, ಏನು ಮಾಡಬೇಕು ಎಂಬುದನ್ನು ಅಲ್ಲಲ್ಲಿ ಚೀಟಿ ಬರೆದಿಟ್ಟು ತಿಳಿಸುತ್ತಿದ್ದರು. ದಿನದಿಂದ ದಿನಕ್ಕೆ ಊಟ ಕಡಿಮೆ ಮಾಡಿದರು. ಅದರಿಂದ ಬಂದ ಸಿಡಿಮಿಡಿ, ಜಗಳ ಎಲ್ಲವೂ ಅಸಲಿ. ರಾತ್ರಿ ಹೊತ್ತು ನಿರ್ದೇಶಕರು ಕತ್ತಲಲ್ಲಿ ಬಂದು ಟೆಂಟು ಅಲುಗಾಡಿಸುತ್ತಿದ್ದರು, ಟೇಪ್ ರೆಕಾರ್ಡರ್‌ನಲ್ಲಿ ಮಕ್ಕಳ ಧ್ವನಿ ಹಾಕುತ್ತಿದ್ದರು. ನಡುಕಾಡು, ನಡುರಾತ್ರಿ, ಪುಟ್ಟ ಮಕ್ಕಳ ಸದ್ದು. ಆ ಸಿನಿಮಾದಲ್ಲಿ ಮಾಟಗಾತಿ ಒಂದು ಸಲವೂ ಕಾಣುವುದಿಲ್ಲ. ಕಾಣಿಸಲು ಅವರ ಹತ್ತಿರ ದುಡ್ಡೂ ಇರಲಿಲ್ಲ. ಬಡತನ ಇಲ್ಲಿ ಒಳ್ಳೆಯದನ್ನೇ ಮಾಡಿತು. ದುಡ್ಡಿದ್ದಿದ್ದರೆ ರಬ್ಬರಿನ ಮುಖವಾಡ ತೊಟ್ಟ ಒಬ್ಬಳನ್ನು ತಂದು ನಿಲ್ಲಿಸುತ್ತಿದ್ದರು, ನಾವು ನಕ್ಕು ಎದ್ದುಹೋಗುತ್ತಿದ್ದೆವು.

ಕೆಲವೇ ಹತ್ತು ಸಾವಿರ ಡಾಲರುಗಳಲ್ಲಿ ಚಿತ್ರೀಕರಣ ಮುಗಿಸಿದ ಆ ಸಿನಿಮಾ ಗಳಿಸಿದ್ದು ಸುಮಾರು 24 ಕೋಟಿ 80 ಲಕ್ಷ ಡಾಲರು. ಮೂವರೂ ತಮ್ಮ ನಿಜ ಹೆಸರಿನಲ್ಲೇ ನಟಿಸಿದ್ದರು. ಪ್ರಚಾರಕ್ಕೆಂದು ಅವರು ಕಾಣೆಯಾಗಿದ್ದಾರೆ ಎಂಬ ಪೋಸ್ಟರುಗಳನ್ನು ಹಂಚಿದರು, ನಾಯಕಿಯ ತಾಯಿಗೆ ಸಂತಾಪ ಪತ್ರಗಳೂ ಬಂದವಂತೆ. ಸತ್ತವರು ಸಂದರ್ಶನ ಕೊಡಲಾದೀತೆ? ಹಾಗಾಗಿ ಸಿನಿಮಾ ಗೆದ್ದಾಗ ಅದರ ನಟರು ಮರೆಯಲ್ಲೇ ಇರಬೇಕಾಯಿತು. 2024ರಲ್ಲಿ ಆ ಮೂವರೂ ಸೇರಿ ತಮಗೆ ಸಲ್ಲಬೇಕಾದ ಹಣಕ್ಕಾಗಿ ಬಹಿರಂಗವಾಗಿ ಕೇಳಿಕೊಂಡರು. ಕಡಿಮೆ ಬಜೆಟ್ ಎಂದು ನಾವು ಹೊಗಳುವಾಗ ಆ ಕಡಿಮೆ ಯಾರ ಪಾಲಿನಿಂದ ಕಡಿತವಾಯಿತು ಎಂದೂ ನೋಡಬೇಕಾಗುತ್ತದೆ. ಆಮೇಲೆ ಬಂದ ‘ಪ್ಯಾರಾನಾರ್ಮಲ್ ಆ್ಯಕ್ಟಿವಿಟಿ’ಯನ್ನು ಓರೆನ್ ಪೆಲಿ ತನ್ನ ಸ್ವಂತ ಮನೆಯಲ್ಲೇ ಸುಮಾರು 15,000 ಡಾಲರಿನಲ್ಲಿ ತೆಗೆದ. ಮಲಗುವ ಕೋಣೆಯಲ್ಲಿ ಸ್ಟ್ಯಾಂಡಿನ ಮೇಲೊಂದು ಕ್ಯಾಮೆರಾ, ಮೂಲೆಯಲ್ಲಿ ಓಡುವ ಗಡಿಯಾರ, ತನ್ನಷ್ಟಕ್ಕೆ ಅಲ್ಲಾಡುವ ಬಾಗಿಲು. ಅದಕ್ಕಿಂತ ಹೆಚ್ಚಿಗೆ ಹೇಳುವಂಥದ್ದು ಅದರಲ್ಲಿ ಇಲ್ಲ.

ರೇಡಿಯೊ ನೆಂಟಸ್ತಿಕೆ ಎಂದೆನಲ್ಲ, ಅದಕ್ಕೀಗ ಬರುತ್ತೇನೆ. 1938ರ ಅಕ್ಟೋಬರ್ 30ರ ರಾತ್ರಿ ಅಮೆರಿಕದ ಸಿಬಿಎಸ್ ರೇಡಿಯೊದಲ್ಲಿ 23 ವರ್ಷದ ಆರ್ಸನ್ ವೆಲ್ಸ್ ಒಂದು ನಾಟಕ ಪ್ರಸಾರ ಮಾಡಿದ. ಎಚ್.ಜಿ. ವೆಲ್ಸ್ ಬರೆದ ‘ದ ವಾರ್ ಆಫ್ ದ ವರ್ಲ್ಡ್ಸ್’ ಕಾದಂಬರಿಯ ರೂಪಾಂತರ. ನೃತ್ಯ ಸಂಗೀತ ನಡೆಯುತ್ತಿದೆ, ನಡುವೆ ತಡೆದು ವಾರ್ತೆ ಬರುತ್ತದೆ. ನ್ಯೂಜೆರ್ಸಿಯ ಗ್ರೋವರ್ಸ್ ಮಿಲ್ ಎಂಬ ಹಳ್ಳಿಯಲ್ಲಿ ಏನೋ ಬಿದ್ದಿದೆ. ವರದಿಗಾರ ಸ್ಥಳದಿಂದಲೇ ಮಾತಾಡುತ್ತಾನೆ, ಜನರ ಕೂಗು, ಮತ್ತೇನೋ ಸದ್ದು, ಮಾತು ಅರ್ಧಕ್ಕೇ ನಿಲ್ಲುತ್ತದೆ. ಆಮೇಲೆ ಕೆಲವು ಸೆಕೆಂಡು ಏನೂ ಇಲ್ಲ. ಪೂರಾ ಮೌನ. ಇಡೀ ನಾಟಕದ ಅತಿ ಭಯಂಕರ ಭಾಗ ಅದೇ. ರೇಡಿಯೊದಲ್ಲಿ ಕೆಲಸ ಮಾಡುವವರನ್ನು ಕೇಳಿ, ಅವರಿಗೆ ದೆವ್ವಕ್ಕಿಂತ ಮೌನದ ಭಯ ಜಾಸ್ತಿ. ಹತ್ತು ಸೆಕೆಂಡು ಸದ್ದಿಲ್ಲದಿದ್ದರೆ ಡ್ಯೂಟಿ ಆಫೀಸರ್ ಕುರ್ಚಿ ಬಿಟ್ಟು ಓಡಿಬರುತ್ತಾರೆ. ಆ ರಾತ್ರಿ ಅಮೆರಿಕವೇ ಬೀದಿಗೆ ಬಂದು ಓಡಿತು ಎಂಬ ಕತೆ ಬಹಳ ಕಾಲ ಓಡಾಡಿತು. ಅದನ್ನು ಪತ್ರಿಕೆಗಳು ಉಬ್ಬಿಸಿ ಬರೆದವು ಎಂದು ಈಚಿನ ಸಂಶೋಧಕರು ತೋರಿಸಿದ್ದಾರೆ. ಜನ ಹೆದರಿ ಓಡಿದ್ದು ನಿಜ ಎನ್ನುವುದೇ ಇನ್ನೊಂದು ಕಟ್ಟುಕತೆಯಾಗಿ ಬಾಳಿತು ಎಂದ ಹಾಗಾಯಿತು.

ಅದಕ್ಕೂ ಮೂರು ವರ್ಷ ಮೊದಲೇ, 1935ರಲ್ಲಿ, ನಮ್ಮ ಮೈಸೂರಿನಲ್ಲಿ ಮಹಾರಾಜಾ ಕಾಲೇಜಿನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆ ವಿಠ್ಠಲ ವಿಹಾರದಿಂದಲೇ ಬಾನುಲಿ ಪ್ರಸಾರ ಆರಂಭಿಸಿದ್ದರು. ಆಕಾಶವಾಣಿ ಎಂಬ ಹೆಸರು ಮೊದಲು ಕೇಳಿಸಿದ್ದು ಅಲ್ಲಿಂದ. ಅವರು ಕಲಿಸುತ್ತಿದ್ದ ವಿಷಯ ಯಾವುದು ಗೊತ್ತೆ? ಮನಶ್ಶಾಸ್ತ್ರ. ಎಂಜಿನಿಯರು ಮಾಡಬೇಕಾದ ಕೆಲಸವನ್ನು ಮನಶ್ಶಾಸ್ತ್ರದ ಮೇಷ್ಟ್ರು ಮಾಡಿದರು ಎನ್ನುವುದು ನನಗಂತೂ ತುಂಬ ಇಷ್ಟವಾದ ಸಂಗತಿ. ಕಾಣದ ಬಾಯಿಯೊಂದು ಮನೆಯೊಳಗೆ ಬಂದು ಮಾತಾಡಿದರೆ ಕೇಳುವವನ ತಲೆಯಲ್ಲಿ ಏನೇನು ಎದ್ದು ನಿಲ್ಲುತ್ತದೆ ಎಂಬ ಕುತೂಹಲ ಅವರಿಗಲ್ಲದೆ ಇನ್ನಾರಿಗೆ ಬರಬೇಕು?

ಇದಕ್ಕೆಲ್ಲ ಯಂತ್ರವೂ ಬೇಕಿಲ್ಲ. ನಮ್ಮಜ್ಜಿ ಹೇಳುತ್ತಿದ್ದ ಮಾತು, ನಿಮ್ಮಜ್ಜಿಯೂ ಹೇಳಿರುತ್ತಾರೆ: ರಾತ್ರಿ ಹೊತ್ತು ಹೊರಗಿನಿಂದ ಯಾರಾದರೂ ಹೆಸರು ಹಿಡಿದು ಕರೆದರೆ ಮೂರು ಸಲ ಕರೆಯುವ ತನಕ ಓಗೊಡಬೇಡ. ಮನುಷ್ಯರಾದರೆ ಮತ್ತೆ ಕರೆಯುತ್ತಾರೆ, ಮತ್ತೊಂದಾದರೆ ಒಂದೇ ಸಲ. ತೊಂಬತ್ತರ ದಶಕದಲ್ಲಿ ರಾಜ್ಯದ ಎಷ್ಟೋ ಊರುಗಳಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದದ್ದನ್ನು ಕಂಡವರು ನಿಮ್ಮಲ್ಲಿ ಇದ್ದೇ ಇದ್ದೀರಿ. ಒಂದು ದೆವ್ವ ಬಂದು ಮನೆಯವರದೇ ಧ್ವನಿಯಲ್ಲಿ ಕರೆಯುತ್ತದೆ, ಬಾಗಿಲು ತೆಗೆದರೆ ಮುಗಿಯಿತು ಎಂಬ ಗಾಳಿಸುದ್ದಿ. ಆ ದೆವ್ವದ ಮುಖ ಹೇಗಿತ್ತು ಎಂದು ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ. ಧ್ವನಿಯೊಂದೇ ಸಾಕಾಯಿತು. ಅದು ಓದು ಬಲ್ಲ ದೆವ್ವ, ಅದೂ ಕನ್ನಡ ಬಲ್ಲದ್ದು. ನಾಳೆ ಬಾ ಎಂದರೆ ಮರ್ಯಾದೆಯಿಂದ ಹಿಂತಿರುಗಿ ಹೋಗುವಷ್ಟು ಸಭ್ಯ.

ನಮ್ಮಮ್ಮ ಆ ರಾತ್ರಿ ‘6-5=2’ರ ಮುಂದೆ ಕಾಲು ಗಂಟೆ ಕೂತಿರಬಹುದು. ಅಷ್ಟರಲ್ಲೇ ಒಂದು ಪ್ರಶ್ನೆ ಕೇಳಿದರು. “ಅಲ್ಲ ಕಣೋ, ಪ್ರಾಣ ಹೋಗ್ತಿದೆ, ಆ ಕ್ಯಾಮೆರಾ ಬಿಸಾಕಿ ಓಡಬಾರದಾ?” ಈ ಬಗೆಯ ಸಿನಿಮಾ ಬಗ್ಗೆ ವಿಮರ್ಶಕರು ಪುಟಗಟ್ಟಲೆ ಬರೆದದ್ದರ ಸಾರ ಇದೊಂದು ಪ್ರಶ್ನೆಯಲ್ಲಿದೆ. ಇದಕ್ಕೆ ಸರಿಯಾದ ಉತ್ತರ ಕೊಟ್ಟ ಸಿನಿಮಾ ಬದುಕುತ್ತದೆ, ಕೊಡದಿದ್ದದ್ದು ಅಲ್ಲೇ ಸಾಯುತ್ತದೆ. ಕತ್ತಲಲ್ಲಿ ಕ್ಯಾಮೆರಾದ ಲೈಟೇ ದಾರಿ ತೋರಿಸುತ್ತದೆ ಎನ್ನುವುದು ಒಂದು ಉತ್ತರ. ಮುಂದೆ ಯಾರಾದರೂ ನಮ್ಮನ್ನು ಹುಡುಕಿದರೆ ಇದಾದರೂ ಇರಲಿ ಎನ್ನುವುದು ಇನ್ನೊಂದು. ‘6-5=2’ ಕೆಲವು ಕಡೆ ಈ ಉತ್ತರ ಹುಡುಕುವ ಗೋಜಿಗೇ ಹೋಗುವುದಿಲ್ಲ. ಕ್ಯಾಮೆರಾ ಹಿಡಿದವನಿಗೆ ಅದನ್ನು ಬಿಡಲಾಗದ ಚಟ ಎಂದಷ್ಟೇ ನಾವು ಅಂದುಕೊಳ್ಳಬೇಕು. 2013ರಲ್ಲಿ ಅದು ಚಿತ್ರದ ದೌರ್ಬಲ್ಯದ ಹಾಗೆ ಕಾಣುತ್ತಿತ್ತು. ಈಗ ಅಪಘಾತವಾದ ಜಾಗದಲ್ಲಿ ಜನ ಮೊಬೈಲು ಎತ್ತಿ ಹಿಡಿದು ನಿಲ್ಲುವುದನ್ನು ನೋಡಿದ ಮೇಲೆ ಅಮ್ಮನ ಪ್ರಶ್ನೆಯನ್ನು ಆ ಹುಡುಗನೊಬ್ಬನಿಗೇ ಕೇಳುವುದು ಅನ್ಯಾಯ.

ಯಾರೋ ತೆಗೆದ ವಿಡಿಯೊ ಎಂದಮೇಲೆ ಯಾರೂ ತೆಗೆಯದ ಚಿತ್ರಗಳ ಮಾತೂ ಬರಬೇಕು. ಮೈಸೂರಿನಿಂದ ಅನತಿ ದೂರದ ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು ತೊಂಬತ್ತರ ದಶಕದಲ್ಲಿ ಕ್ಯಾಮೆರಾ ಟ್ರ್ಯಾಪ್ ಇಟ್ಟು ಹುಲಿ ಎಣಿಸುವ ವಿಧಾನವನ್ನು ರೂಢಿಸಿದರು. ಕಾಡುದಾರಿಯ ಎರಡೂ ಬದಿಗೆ ಒಂದೊಂದು ಕ್ಯಾಮೆರಾ. ಹುಲಿಯ ಎಡಮೈಯ ಪಟ್ಟೆಗೂ ಬಲಮೈಯ ಪಟ್ಟೆಗೂ ಸಂಬಂಧವಿಲ್ಲ, ಆದ್ದರಿಂದ ಎರಡೂ ಬದಿಯ ಚಿತ್ರ ಬೇಕು. ಪ್ರಾಣಿ ಎದುರು ಹಾದರೆ ಕ್ಯಾಮೆರಾ ತಾನೇ ಕ್ಲಿಕ್ಕಿಸುತ್ತದೆ. ಇಂಥ ಚಿತ್ರಗಳಲ್ಲಿ ಬಹುಪಾಲು ಜಿಂಕೆ, ಕಾಡುಹಂದಿ, ಆನೆಯ ಕಾಲು. ಸಂಜೆ ಒಬ್ಬ ಮನುಷ್ಯ ನಡೆದುಹೋದ ಚಿತ್ರ, ಅದೇ ದಾರಿಯಲ್ಲಿ ಕೆಲವೇ ನಿಮಿಷಗಳ ನಂತರ ಹುಲಿ ಹೋದ ಚಿತ್ರ ಒಟ್ಟಿಗೆ ಸಿಗುವುದೂ ಉಂಟು. ಎರಡನ್ನೂ ಬೇರೆ ಬೇರೆ ನೋಡಿದರೆ ಏನೂ ಇಲ್ಲ. ಕೆಳಗಿನ ಗಂಟೆ ನಿಮಿಷ ಓದಿಕೊಂಡಾಗಲೇ ಬೆನ್ನು ತಣ್ಣಗಾಗುವುದು.

2024ರ ಡಿಸೆಂಬರ್ 31ರ ನಸುಕಿನಲ್ಲಿ ಮೈಸೂರಿನ ಇನ್ಫೋಸಿಸ್ ಆವರಣದ ಸಿಸಿಟಿವಿಯಲ್ಲಿ ಚಿರತೆಯೊಂದು ಕಂಡದ್ದು ನಿಮಗೆ ನೆನಪಿದೆ. ಸಿಬ್ಬಂದಿಗೆಲ್ಲ ಮನೆಯಿಂದಲೇ ಕೆಲಸ ಮಾಡಲು ಹೇಳಿದರು, ಅರಣ್ಯ ಇಲಾಖೆಯವರು ಹುಡುಕಾಟಕ್ಕೆ ಇಳಿದರು. ನಗರದ ತುಂಬ ಹರಿದಾಡಿದ ಆ ತುಣುಕಿನಲ್ಲಿ ಇದ್ದದ್ದು ಕೆಲವೇ ಸೆಕೆಂಡು ಓಡಾಡಿದ ಒಂದು ಪ್ರಾಣಿ. ಮೃಗಾಲಯದಲ್ಲಿ ಅದಕ್ಕಿಂತ ಚೆನ್ನಾಗಿ ಚಿರತೆ ನೋಡಿದ ಜನವೇ ಅವತ್ತು ರಾತ್ರಿ ಸ್ಕೂಟರು ನಿಲ್ಲಿಸಿ ಗೇಟು ತೆಗೆಯುವ ಮೊದಲು ಎರಡು ಸಲ ಹಿಂತಿರುಗಿ ನೋಡಿದರು. ಹೆದರಿಸಿದ್ದು ಕಂಡ ಚಿರತೆಯಲ್ಲ, ವಿಡಿಯೊ ಮುಗಿದ ಮೇಲೆ ಅದು ಎಲ್ಲಿಗೆ ಹೋಯಿತು ಎನ್ನುವುದು.

ಈಚೆಗೆ ಮಾತ್ರ ಈ ಸಿನಿಮಾಗಳ ಬಂಡವಾಳಕ್ಕೇ ಪೆಟ್ಟು ಬಿದ್ದಿದೆ. ಇದು ನಿಜ ಎಂಬ ಮಾತೇ ಅವುಗಳ ಬಂಡವಾಳ. ಈಗ ಸ್ಮಶಾನದಲ್ಲಿ ಬಿಳಿ ಸೀರೆ ಓಡಾಡಿತು ಎಂದು ಕೆಂಪು ವೃತ್ತ ಹಾಕಿದ ವಿಡಿಯೊ ದಿನಕ್ಕೊಂದು ವಾಟ್ಸ್‌ಆ್ಯಪ್‌ಗೆ ಬರುತ್ತದೆ. ಚಿತ್ರವನ್ನು ಎಐ ಸೃಷ್ಟಿಸಿಕೊಡುವ ಕಾಲ ಬೇರೆ. ಕಣ್ಣಿಗೆ ಕಂಡದ್ದನ್ನು ನಂಬದಿರಲು ಅಕ್ಕನ ಮಗನಂಥ ಹುಡುಗರು ಆಗಲೇ ಕಲಿತಿದ್ದಾರೆ. ಯಾವ ವಿಡಿಯೊ ತೋರಿಸಿದರೂ ಮೊದಲು “ಎಐ ಇರಬೇಕು ಬಿಡಿ ಮಾಮ” ಎನ್ನುತ್ತಾನೆ. ಕೆ.ಎಸ್. ಅಶೋಕ ಅವರೂ ಮತ್ತೆ ಕಾಡಿನ ಕಡೆ ಹೋಗಲಿಲ್ಲ. 2020ರಲ್ಲಿ ಹೊಸ ಮುಖಗಳನ್ನು ಕಟ್ಟಿಕೊಂಡು ‘ದಿಯಾ’ ಎಂಬ ಪ್ರೇಮಕತೆ ಮಾಡಿದರು. ಅದರಲ್ಲಿ ದೆವ್ವವಿಲ್ಲ, ಜನ ಅತ್ತುಕೊಂಡು ಬಂದರು.

ಕನ್ನಡದಲ್ಲಿ ಇನ್ನೊಂದು ಒಳ್ಳೆಯ ಫೌಂಡ್ ಫೂಟೇಜ್ ಬರಬೇಕಾದರೆ ಚಿತ್ರವನ್ನು ಇನ್ನಷ್ಟು ಕಡಿಮೆ ಮಾಡುವ ಧೈರ್ಯ ಯಾರಿಗಾದರೂ ಬೇಕು. ಪೂರ್ತಿ ತೆಗೆದರೂ ನಡೆದೀತು. ಹಳೆಯ ಕ್ಯಾಸೆಟ್ಟೊಂದು ಸಿಕ್ಕಿತು, ಅದರಲ್ಲಿ ಯಾರೋ ಕಾಡಿನಲ್ಲಿ ಮಾಡಿದ ಧ್ವನಿಮುದ್ರಣ ಇದೆ ಎಂದು ಅರ್ಧ ಗಂಟೆಯ ಬಾನುಲಿ ನಾಟಕ ಮಾಡಬಹುದು. ಮೂವರು ನಟರು, ಒಂದು ಮೈಕು, ಒಣ ಎಲೆ ಒಂದು ಚೀಲ. ಎಲೆ ಬೇಕಾದರೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೇಸಿಗೆಯಲ್ಲಿ ಬೇಕಾದಷ್ಟು ಬಿದ್ದಿರುತ್ತದೆ. ನಾಟಕ ಬರೆಯುವ ಹುಡುಗರು ಯಾರಾದರೂ ಕೇಳುತ್ತಿದ್ದರೆ ಮಾರ್ಚ್ ಬರುವುದರೊಳಗೆ ಸ್ಕ್ರಿಪ್ಟು ಸಿದ್ಧ ಮಾಡಿಕೊಳ್ಳಿ.